ಪರದೇಶಿಗಳ ಪಟ್ಟಣ ಜಿನೀವಾ



ನಮ್ಮ ಆಡುಮಾತಿನಲ್ಲಿ ‘ಪರದೇಶಿ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಹೊರನಾಡಿನಿಂದ ಬಂದವನು ಪರದೇಶಿ. ಹಿಂದುಮುಂದಿಲ್ಲದ ಅನಾಥನೂ ಪರದೇಶಿ. ಈ ಎರಡು ಬಗೆಯ ಪರದೇಶಿಗಳೂ ಕೂಡಿ ಬೆಳೆಸಿದ ಊರೊಂದು ಯೂರೋಪ್ ಖಂಡದಲ್ಲಿದೆ. ಸ್ವಿಟ್ಜರ್ಲೆಂಡ್ ದೇಶದ ನೈಋತ್ಯದ ಮೂಲೆಯಲ್ಲಿ, ಲೆಮಾನ್ ಸರೋವರವು ಕಿರಿದಾಗುತ್ತ ಬಂದು ರೋನ್ ನದಿಯಾಗಿ ಹೊರಬೀಳುವ ಎಡೆಯಲ್ಲಿ ನೆಲೆಸಿರುವ ಜಿನೀವಾ ನಗರವೇ ಅದು. ಅಲ್ಲಿಗೆ ಹೋದ ಯಾತ್ರಿಕನು ಏನನ್ನು ನೋಡಬಹುದೆಂಬುದನ್ನು ಈ ಹೊತ್ತು ತಮ್ಮೊಡನೆ ಹೇಳಿಕೊಳ್ಳಬೇಕೆಂದಿದ್ದೇನೆ.

ಭೂಪಟವನ್ನು ತೆರೆದು ನೋಡಿದರೆ ಈ ಊರಿನ ಸ್ಥಿತಿಯೇ ವಿಚಿತ್ರವಾದುದೆಂದು ತಿಳಿಯುವುದು. ಜಿನೀವಾ ಪ್ರಾಂತ್ಯದ ಎಲ್ಲೆಯು ಫ್ರಾನ್ಸ್ ದೇಶದೊಡನೆ ಸುಮಾರು 100 ಕಿಲೋಮೀಟರು ಉದ್ದವಾಗಿಯೂ, ಸ್ವಿಟ್ಜರ್ಲೆಂಡಿನ ಉಳಿದ ಭಾಗದೊಡನೆ ಐದು ಕಿಲೋಮೀಟರಿಗಿಂತ ಕಡಮೆಯಾಗಿಯೂ ಇದೆ. ಅದು ಸ್ವಿಸ್ ಒಕ್ಕೂಟವನ್ನು ಸೇರಿದ್ದೂ 1815ರಷ್ಟು ಈಚೆಗೆ. ಅದಕ್ಕೆ ಮೊದಲು ಬಹುಕಾಲ ಅದು ತನ್ನಷ್ಟಕ್ಕೆ ತಾನೇ ಒಂದು ಗಣರಾಜ್ಯವಾಗಿದ್ದಿತು. ಮೂರು ಕಡೆಯೂ ಪರರಾಜ್ಯದಿಂದ ಸುತ್ತುವರಿದ ಇಂಥ ಊರಿಗೆ, ಬಂದವರನ್ನು ಒಳಗೆ ಬಿಡಬೇಕೆ, ಬಾಗಿಲು ಹಾಕಿಕೊಳ್ಳಬೇಕೆ ಎಂಬ ಪ್ರಶ್ನೆ ಎಂದೂ ತಪ್ಪಿದ್ದಲ್ಲ.

ದೂರದಿಂದಲೇ ಕಣ್ಣಿಗೆ ಬೀಳುವುದು ಸರೋವರದ ಮಧ್ಯದಿಂದ ಎದ್ದು ನಿಂತಂತಿರುವ ಜಲಸ್ತಂಭ. ನಾನು ಹೋದ ದಿನ ಈಶಾನ್ಯದಿಂದ ‘ಬೀಸ್’ ಎಂಬ ಕೊರೆಯುವ ಗಾಳಿ ಬೀಸುತ್ತಿದ್ದುದರಿಂದ ಅದನ್ನು ನಿಲ್ಲಿಸಿಬಿಟ್ಟಿದ್ದರು. ಚಿತ್ರಗಳಲ್ಲಿ ಎಷ್ಟೋ ಸಲ ಕಂಡಿದ್ದ ಜಾಗದಲ್ಲಿ ಬರಿಯ ಆಕಾಶವನ್ನು ನೋಡಿ ಪೆಚ್ಚಾದೆನು. ಮರುದಿನ ದರ್ಶನವಾಯಿತು. ಸೆಕೆಂಡಿಗೆ 500 ಲೀಟರು ನೀರು ಗಂಟೆಗೆ 200 ಕಿಲೋಮೀಟರು ವೇಗದಿಂದ ಚಿಮ್ಮಿ 140 ಮೀಟರು, ಅಂದರೆ ಸುಮಾರು 460 ಅಡಿ ಮೇಲಕ್ಕೇರುವುದು. ಇದು ಅಲಂಕಾರಕ್ಕೆಂದು ಹುಟ್ಟಿದ್ದಲ್ಲವೆಂಬುದೇ ಸ್ವಾರಸ್ಯ. 1886ರಲ್ಲಿ ರೋನ್ ನದಿಯ ಬಲದಿಂದ ನೀರನ್ನು ಒತ್ತಿ ಕುಶಲಕರ್ಮಿಗಳ ಯಂತ್ರಗಳಿಗೆ ಒದಗಿಸುವ ಕಾರ್ಖಾನೆಯೊಂದು ಏರ್ಪಟ್ಟಿತು. ಸಂಜೆ ಅವರೆಲ್ಲ ಕೆಲಸ ನಿಲ್ಲಿಸಿದೊಡನೆ ಕೊಳವೆಗಳಲ್ಲಿ ಒತ್ತಡ ಮಿತಿಮೀರುತ್ತಿದ್ದುದರಿಂದ, ಹೆಚ್ಚಿನ ನೀರನ್ನು ಮೇಲಕ್ಕೆ ಹಾರಿಬಿಡಲು ಒಂದು ಕಿಂಡಿಯನ್ನಿಟ್ಟರು. ನೋಡಲು ಜನ ಸೇರಿದರು. 1891ರಲ್ಲಿ ಚಿಲುಮೆಯನ್ನು ಸರೋವರಕ್ಕೆ ಸಾಗಿಸಿದರು. ಈಗಿನ ಎತ್ತರ ಬಂದದ್ದು 1951ರಲ್ಲಿ.

ದಡವನ್ನು ಬಿಟ್ಟು ಗುಡ್ಡವನ್ನೇರಿದರೆ ಹಳೆಯ ಪೇಟೆ. ಇಕ್ಕಟ್ಟಾದ ಬೀದಿಗಳ ಎರಡು ಬದಿಯಲ್ಲಿಯೂ ಕಿರಿದಾದ, ಆದರೆ ಬಲು ಎತ್ತರದ ಮನೆಗಳು. ಈ ಎತ್ತರಕ್ಕೆ ಕಾರಣವುಂಟು. 1536ರಲ್ಲಿ ಜಿನೀವಾ ಮತಸುಧಾರಣೆಯ ಪಕ್ಷವನ್ನು ಹಿಡಿದ ಬಳಿಕ, ಫ್ರಾನ್ಸ್, ಇಟಲಿ ಮುಂತಾದ ದೇಶಗಳಲ್ಲಿ ಮತದ ನಿಮಿತ್ತ ಪೀಡೆಗೊಳಗಾದವರು ಸಾವಿರಗಟ್ಟಲೆ ಇಲ್ಲಿಗೆ ಓಡಿಬಂದರು. ಕೋಟೆಯೊಳಗೆ ನೆಲವಿಲ್ಲ, ಇದ್ದ ಮನೆಗಳ ಮೇಲೆಯೇ ಅಂತಸ್ತುಗಳನ್ನು ಏರಿಸಿದರು. ಆ ಮತಸುಧಾರಣೆಯ ನಾಯಕನಾದ ಕಾಲ್ವಿನನೂ ಫ್ರಾನ್ಸಿನಿಂದ ಬಂದವನೇ. ಆತನಿಗೆ ಈ ಊರಿನ ಪೌರತ್ವ ದೊರೆತದ್ದು 1559ರಲ್ಲಿ, ಸಾಯುವುದಕ್ಕೆ ಐದೇ ವರ್ಷ ಮೊದಲು. ಕೋಟೆಯ ಕೆಳಗಿನ ಉದ್ಯಾನದಲ್ಲಿ ಸುಮಾರು 100 ಮೀಟರು ಉದ್ದದ ‘ಸುಧಾರಕರ ಗೋಡೆ’ಯನ್ನು 1909ರಲ್ಲಿ ತೊಡಗಿ 1917ರಲ್ಲಿ ಮುಗಿಸಿದರು. ಅದರ ನಡುವೆ ಆಳಿಗಿಂತ ಎಷ್ಟೋ ಎತ್ತರವಾಗಿ ನಿಂತಿರುವ ನಾಲ್ವರು ಫಾರೆಲ್, ಕಾಲ್ವಿನ್, ಬೇಜಾ ಮತ್ತು ನಾಕ್ಸ್. ಮೊದಲ ಮೂವರು ಫ್ರೆಂಚರು, ಕೊನೆಯವನು ಸ್ಕಾಟ್ಲೆಂಡಿನವನು. ಊರು ತನ್ನ ಹಿರಿಯರೆಂದು ಕಲ್ಲಿನಲ್ಲಿ ಕಡೆದು ನಿಲ್ಲಿಸಿದವರಲ್ಲಿ ಒಬ್ಬನೂ ಊರಿನಲ್ಲಿ ಹುಟ್ಟಿದವನಲ್ಲ!

ಜಿನೀವಾದ ಗಡಿಯಾರಗಳ ಕೀರ್ತಿಯೂ ಹೀಗೆಯೇ ಬಂದದ್ದು. ಆಡಂಬರದ ಒಡವೆಗಳನ್ನು ಕಾಲ್ವಿನನ ಕಟ್ಟಳೆಯು ತಡೆದಾಗ ಅಕ್ಕಸಾಲಿಗರು ಗಡಿಯಾರದ ಕೆಲಸಕ್ಕೆ ತಿರುಗಿದರು. ವಲಸೆ ಬಂದ ಫ್ರೆಂಚ್ ಕುಶಲಿಗಳು ಅವರ ಜೊತೆಗೂಡಿದರು. 1602ರ ಡಿಸೆಂಬರ್ 11ರ ನಡುರಾತ್ರಿಯಲ್ಲಿ ಸವಾಯ್ ದೊರೆಯ ಸೈನಿಕರು ಏಣಿ ಹಾಕಿ ಕೋಟೆಯನ್ನು ಹತ್ತಿದಾಗ, ಕುದಿಯುವ ಸಾರಿನ ಹಂಡೆಯನ್ನು ಅವರ ತಲೆಯ ಮೇಲೆ ಬೋರಲು ಹಾಕಿದಳೆಂದು ಪ್ರಸಿದ್ಧಳಾದ ರೊಯೋಮ್ ತಾಯಿಯೂ ಲಿಯೋನ್ ನಗರದಿಂದ ಬಂದವಳು. ಇಂದಿಗೂ ಡಿಸೆಂಬರಿನಲ್ಲಿ ಚಾಕೊಲೇಟಿನ ಹಂಡೆಗಳನ್ನು ಮಾಡಿ, ಮನೆಯ ಹಿರಿಯರೂ ಎಲ್ಲರಿಗಿಂತ ಕಿರಿಯ ಮಗುವೂ ಕೈಗೂಡಿಸಿ ಅದನ್ನು ಒಡೆಯುತ್ತಾರೆ. ಮಕ್ಕಳಿಗೆ ಇತಿಹಾಸವನ್ನು ಕಲಿಸಲು ಇದಕ್ಕಿಂತ ರುಚಿಯಾದ ಉಪಾಯವನ್ನು ನಾನು ಕಾಣೆ.

ಆದರೆ ಮಹನೀಯರೇ, ಆಶ್ರಯ ಕೊಟ್ಟ ಊರು ಬೆಂಕಿಯನ್ನೂ ಇಟ್ಟಿತು. ಊರಿನ ದಕ್ಷಿಣಕ್ಕೆ ಶಾಂಪೆಲ್ ಎಂಬ ದಿಣ್ಣೆಯಿದೆ. ಮಾರ್ಗದರ್ಶಿಗಳು ಯಾತ್ರಿಕರನ್ನು ಅಲ್ಲಿಗೆ ಸಾಮಾನ್ಯವಾಗಿ ಕರೆದೊಯ್ಯುವುದಿಲ್ಲ. ಮೈಕೇಲ್ ಸರ್ವೇಟಸ್ ಎಂಬ ಸ್ಪೇನಿನ ವೈದ್ಯನು, ರಕ್ತವು ಶ್ವಾಸಕೋಶಗಳ ಮೂಲಕ ಹಾದುಹೋಗುವ ಕ್ರಮವನ್ನು ಬರೆದಿಟ್ಟ ವಿದ್ವಾಂಸನು, ಫ್ರಾನ್ಸಿನ ಸೆರೆಯಿಂದ ತಪ್ಪಿಸಿಕೊಂಡು ಈ ಊರಿಗೆ ಬಂದನು. ಕಾಲ್ವಿನನಿಗೂ ಅವನಿಗೂ ದೇವತತ್ತ್ವದಲ್ಲಿ ಭಿನ್ನಮತ. ಇಗರ್ಜಿಯಲ್ಲಿ ಅವನ ಗುರುತು ಸಿಕ್ಕಿತು. 1553ರ ಅಕ್ಟೋಬರ್ 27ರಂದು ಶಾಂಪೆಲಿನಲ್ಲಿ ಜೀವಂತವಾಗಿ ಸುಟ್ಟರು. ಮುನ್ನೂರೈವತ್ತು ವರ್ಷಗಳಾದ ಮೇಲೆ, 1903ರಲ್ಲಿ, ಕಾಲ್ವಿನನ ಅನುಯಾಯಿಗಳೇ ಅಲ್ಲೊಂದು ಪ್ರಾಯಶ್ಚಿತ್ತದ ಕಲ್ಲನ್ನು ನೆಟ್ಟು, ತಮ್ಮ ಗುರುವಿನ ತಪ್ಪನ್ನು ಒಪ್ಪಿಕೊಂಡರು. ಆದರೆ ಅದು ಆ ಕಾಲದ ತಪ್ಪೆಂದೂ ಸೇರಿಸಿದರು. ಸರ್ವೇಟಸನ ಪ್ರತಿಮೆಗೆ ಮಾತ್ರ ಆಗ ಊರಿನಲ್ಲಿ ಎಡೆ ಸಿಕ್ಕಲಿಲ್ಲ. ಅದು 1908ರಲ್ಲಿ ಗಡಿಯಾಚೆಯ ಆನ್‌ಮಾಸ್ ಎಂಬ ಫ್ರೆಂಚ್ ಊರನ್ನು ಸೇರಿತು. ಜಿನೀವಾದಲ್ಲಿ ಅದರ ಪ್ರತಿರೂಪ ನಿಂತದ್ದು 2011ರಲ್ಲಿ.

ಹೊರಗಿನವರಿಗೆ ಹೀಗಾದರೆ ಮನೆಯ ಮಕ್ಕಳಿಗೆ? 1712ರಲ್ಲಿ ಇಲ್ಲಿ ಹುಟ್ಟಿದ ರೂಸೋ ತನ್ನನ್ನು ಜಿನೀವಾದ ಪ್ರಜೆಯೆಂದು ಹೆಮ್ಮೆಯಿಂದ ಬರೆದುಕೊಳ್ಳುತ್ತಿದ್ದನು. 1762ರಲ್ಲಿ ಆತನ ಎರಡು ಗ್ರಂಥಗಳನ್ನು ಪುರಭವನದ ಮುಂದೆ ಸುಡಿಸಿದರು. ಈಗ ರೋನ್ ನದಿಯ ನಡುಗಡ್ಡೆಯೊಂದಕ್ಕೆ ಆತನದೇ ಹೆಸರು. 1835ರಲ್ಲಿ ಇಟ್ಟ ಕಂಚಿನ ರೂಸೋ ಅಲ್ಲಿ ಹಂಸಗಳ ನಡುವೆ ಕುಳಿತಿದ್ದಾನೆ.

ಆನ್ರಿ ದ್ಯೂನಾನ್ ಎಂಬಾತನ ಕಥೆ ಇನ್ನೂ ಮನಸ್ಸನ್ನು ಕಲಕುವಂಥದು. 1859ರಲ್ಲಿ ವ್ಯಾಪಾರದ ನಿಮಿತ್ತ ಇಟಲಿಗೆ ಹೋಗಿದ್ದ ಈ ಜಿನೀವಾದ ತರುಣನು, ಸಾಲ್ಫೆರಿನೋ ಕಾಳಗದ ಗಾಯಾಳುಗಳು ನೀರಿಲ್ಲದೆ, ಪಟ್ಟಿ ಕಟ್ಟುವವರಿಲ್ಲದೆ ನರಳುವುದನ್ನು ಕಂಡು, ಹಳ್ಳಿಯ ಹೆಂಗಸರೊಡನೆ ಶತ್ರುಮಿತ್ರರೆನ್ನದೆ ಶುಶ್ರೂಷೆಗೆ ನಿಂತನು. ಕಂಡದ್ದನ್ನು 1862ರಲ್ಲಿ ಪುಸ್ತಕವಾಗಿ ಬರೆದನು. ಮರುವರ್ಷವೇ ರೆಡ್‌ಕ್ರಾಸ್ ಸಂಸ್ಥೆ ಹುಟ್ಟಿತು. 1864ರ ಆಗಸ್ಟ್ 22ರಂದು, ರೂಸೋವಿನ ಪುಸ್ತಕಗಳನ್ನು ಸುಟ್ಟ ಅದೇ ಪುರಭವನದಲ್ಲಿ, ಹನ್ನೆರಡು ರಾಜ್ಯಗಳು ಮೊದಲನೆಯ ಜಿನೀವಾ ಒಪ್ಪಂದಕ್ಕೆ ರುಜು ಹಾಕಿದವು. ಆದರೆ 1867ರಲ್ಲಿ ದ್ಯೂನಾನ್ ದಿವಾಳಿಯಾದನು. ಸಾಲಗಾರನಾಗಿ ಮಾನ ಕಳೆದುಕೊಂಡವನನ್ನು ಊರು ಕ್ಷಮಿಸಲಿಲ್ಲ, ಸಮಿತಿಯಿಂದಲೂ ಹೊರಬಿದ್ದನು. ಹುಟ್ಟಿದ ಊರಿಗೆ ಆತನು ಮತ್ತೆ ಕಾಲಿಡಲಿಲ್ಲ. 1901ರಲ್ಲಿ ಮೊತ್ತಮೊದಲನೆಯ ನೊಬೆಲ್ ಶಾಂತಿ ಪಾರಿತೋಷಕದ ಅರ್ಧಭಾಗ ಬಂದಾಗ ಆತನು ಸ್ವಿಟ್ಜರ್ಲೆಂಡಿನ ಇನ್ನೊಂದು ತುದಿಯ ಹೈಡನ್ ಎಂಬ ಹಳ್ಳಿಯ ಆಸ್ಪತ್ರೆಯ ಕೊಠಡಿಯಲ್ಲಿದ್ದನು. 1910ರಲ್ಲಿ ಅಲ್ಲಿಯೇ ತೀರಿಕೊಂಡನು. ಇಂದು ಜಿನೀವಾದಲ್ಲಿ ಆತನ ಹೆಸರಿನ ಬೀದಿಯುಂಟು.

ಪುರಭವನದ ಹಿಂದೆಯೇ ಮರಗಳ ಸಾಲೊಂದಿದೆ. ಅಲ್ಲಿನ ಒಂದು ಚೆಸ್ಟ್‌ನಟ್ ಮರದ ಮೊದಲ ಚಿಗುರು ಒಡೆದ ದಿನವನ್ನು ಸರ್ಕಾರದ ಅಧಿಕಾರಿಯೊಬ್ಬರು 1818ರಿಂದ ಬರೆದಿಡುತ್ತ ಬಂದಿದ್ದಾರೆ. ವಸಂತವು ಅಂದಿನಿಂದ ಆರಂಭವೆಂದು ಲೆಕ್ಕ.

ಜಗತ್ತು ಜಿನೀವಾವನ್ನು ಬಲ್ಲುದು ಬಹುಮಟ್ಟಿಗೆ ಸಭೆಗಳ ಊರೆಂದು. 1920ರಿಂದ 1946ರವರೆಗೆ ಇದು ರಾಷ್ಟ್ರಸಂಘದ ಕೇಂದ್ರವಾಗಿದ್ದಿತು. ಅದಕ್ಕಾಗಿ ಆರಿಯಾನಾ ಉದ್ಯಾನದಲ್ಲಿ ಕಟ್ಟಿದ ಮಂದಿರವು ಈಗ ಸಂಯುಕ್ತ ರಾಷ್ಟ್ರಸಂಸ್ಥೆಯದು. ಈ ಭೂಮಿಯನ್ನು 1890ರಲ್ಲಿ ನಗರಕ್ಕೆ ಬರೆದುಕೊಟ್ಟ ರೆವಿಯೋ ಎಂಬ ಗೃಹಸ್ಥನು ಅಲ್ಲಿ ನವಿಲುಗಳು ಸ್ವೇಚ್ಛೆಯಾಗಿ ತಿರುಗಾಡುತ್ತಿರಬೇಕೆಂದು ವಿಧಿಸಿದನು. ನಮ್ಮ ನಾಡಿನ ಹಕ್ಕಿ ರಾಯಭಾರಿಗಳ ಮುಂದೆ ಗರಿ ಕೆದರಿ ನಡೆಯುವುದನ್ನು ಕಂಡು ನನಗೆ ನಗು ಬಂದಿತು. ಮಂದಿರದ ಎದುರಿನ ಚೌಕದಲ್ಲಿ 1997ರಲ್ಲಿ ಇಟ್ಟ, 12 ಮೀಟರು ಎತ್ತರದ ಮರದ ಕುರ್ಚಿಯೊಂದಿದೆ. ಅದರ ಒಂದು ಕಾಲು ನಡುವೆ ಸೀಳಿಹೋಗಿದೆ. ನೆಲದಲ್ಲಿ ಹೂತಿಟ್ಟ ಸಿಡಿಗುಂಡುಗಳಿಂದ ಕಾಲು ಕಳೆದುಕೊಂಡವರ ಸ್ಮರಣೆಗೆಂದು ಅದನ್ನಿಟ್ಟದ್ದು. ಅಲ್ಲಿ ನಗು ಬರಲಿಲ್ಲ.

ಈ ಮಂದಿರದಿಂದ ಫ್ರಾನ್ಸಿನ ಗಡಿ ಕೆಲವೇ ಮೈಲಿ. 1942ರ ಆಗಸ್ಟಿನಲ್ಲಿ, ಯೆಹೂದ್ಯರು ಪ್ರಾಣಭೀತಿಯಿಂದ ಓಡಿಬರುತ್ತಿದ್ದ ಕಾಲದಲ್ಲಿ, ಸ್ವಿಸ್ ಸರ್ಕಾರವು ಗಡಿಯನ್ನು ಮುಚ್ಚಿತು. ಎಷ್ಟೋ ಜನರನ್ನು ಹಿಂದಕ್ಕಟ್ಟಿದರು. ಕೆಲವರು ಹೇಗೋ ನುಸುಳಿ ಉಳಿದುಕೊಂಡರು.

ನಮ್ಮವರೊಬ್ಬರೂ ಇಲ್ಲಿ ಆಶ್ರಯ ಪಡೆದವರೇ. ಇಂಗ್ಲೆಂಡಿನಲ್ಲಿದ್ದು ಭಾರತದ ಸ್ವಾತಂತ್ರ್ಯಕ್ಕಾಗಿ ಪತ್ರಿಕೆ ನಡಸಿದ ಶ್ಯಾಮಜಿ ಕೃಷ್ಣವರ್ಮರು ಮೊದಲು ಪ್ಯಾರಿಸಿಗೂ, 1914ರಲ್ಲಿ ಜಿನೀವಾಕ್ಕೂ ಬಂದರು. 1930ರಲ್ಲಿ ಇಲ್ಲಿಯೇ ಕಾಲವಾದರು. ಸೇಂಟ್ ಜಾರ್ಜಸ್ ರುದ್ರಭೂಮಿಯು ಅವರ ಮತ್ತು ಅವರ ಪತ್ನಿಯ ಅಸ್ಥಿಯನ್ನು ಕಾಪಾಡಿಟ್ಟಿತ್ತು. ಅದು ಭಾರತಕ್ಕೆ ಬಂದದ್ದು 2003ರಲ್ಲಿ.

ಆ ರುದ್ರಭೂಮಿಗೆ ಹೋದವರು ಸಮೀಪದಲ್ಲಿಯೇ ಇರುವ ನದಿಗಳ ಸಂಗಮವನ್ನು ನೋಡದೆ ಬರಬಾರದು. ಸರೋವರದಲ್ಲಿ ಮಣ್ಣನ್ನೆಲ್ಲ ಇಳಿಸಿ ಬರುವ ರೋನ್ ನೀಲಿಯಾಗಿ ಇರುವುದು. ಹಿಮನದಿಗಳು ಅರೆದ ಕಲ್ಲುಪುಡಿಯನ್ನು ಹೊತ್ತುಬರುವ ಆರ್ವ್ ಬೂದಿಬಣ್ಣ. ಎತ್ತರದ ರೈಲುಸೇತುವೆಯ ಮೇಲೆ ನಿಂತು ನೋಡಿದರೆ ಎರಡೂ ಒಂದೇ ಪಾತ್ರದಲ್ಲಿ, ನಡುವೆ ಗೆರೆ ಎಳೆದಂತೆ, ಪಕ್ಕಪಕ್ಕದಲ್ಲಿ ಬಹುದೂರ ಹರಿಯುತ್ತವೆ. ಆ ಗೆರೆ ಎಲ್ಲಿ ಅಳಿಯುವುದೋ ನೋಡಬೇಕೆಂದು ನಾನು ಕತ್ತಲಾಗುವವರೆಗೆ ನಿಂತಿದ್ದೆನು; ನದಿಯ ತಿರುವಿನಲ್ಲಿ ಮರಗಳು ಅಡ್ಡಬಂದವು.