ಹಲ್ಲಿನ ಸಂದುಗಳ ಶುಚಿ

(ನಮ್ಮ ಉಚಿತ ವಾಚನಾಲಯದಲ್ಲಿ ಸಂಘದ ಸದಸ್ಯರ ಮುಂದೆ ಮಾಡಿದ ಭಾಷಣ)



ಈ ವಾಚನಾಲಯದಲ್ಲಿ ಸಾಹಿತ್ಯ, ಸಂಗೀತ, ನಾಡುನುಡಿಗಳ ಬಗ್ಗೆ ಮಾತು ಕೇಳಿ ಅಭ್ಯಾಸವಾದ ತಮಗೆ ಇಂದಿನ ವಿಷಯ ತೀರ ಸಣ್ಣದೆಂದು ತೋರಬಹುದು. ಹಲ್ಲು ಹಲ್ಲಿನ ನಡುವಿನ ಸಂದನ್ನು ಶುಚಿಯಾಗಿ ಇಟ್ಟುಕೊಳ್ಳುವುದು ಹೇಗೆ ಎಂಬುದೇ ಆ ವಿಷಯ. ವಿಷಯ ಸಣ್ಣದು, ನಿಜ. ಅದನ್ನು ಅಲಕ್ಷಿಸಿದರೆ ಆಗುವ ನಷ್ಟ ಮಾತ್ರ ಸಣ್ಣದಲ್ಲ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದು ನಮ್ಮಲ್ಲಿ ಗಾದೆಯುಂಟು. ವಯಸ್ಸಾದ ಮೇಲೆ ಹಲ್ಲು ಉದುರುವುದು ವಿಧಿನಿಯಮ ಎಂಬ ನಂಬಿಕೆ ಆ ಗಾದೆಯೊಳಗೆ ಅಡಗಿದೆ. ಆ ನಂಬಿಕೆ ಬಹುಮಟ್ಟಿಗೆ ತಪ್ಪೆಂದು ತಮ್ಮಲ್ಲಿ ನಿವೇದಿಸಿಕೊಳ್ಳುವುದೇ ನಮ್ಮ ಉದ್ದೇಶ.

ನಮ್ಮ ಜನ ಹಲ್ಲಿನ ವಿಷಯದಲ್ಲಿ ಉದಾಸೀನರೆಂದು ಯಾರೂ ಹೇಳಲಾರರು. ನಾವು ಬಿಟ್ಟು ಬಂದ ಊರುಗಳಲ್ಲಿ ಬೇವಿನ ಕಡ್ಡಿಯಿತ್ತು, ಇದ್ದಿಲ ಪುಡಿಯೂ ಉಪ್ಪೂ ಇದ್ದವು. 1913ರಲ್ಲಿ ಬಿ.ವಿ. ಪಂಡಿತರು ಸ್ಥಾಪಿಸಿದ ಸದ್ವೈದ್ಯಶಾಲೆಯ ನಂಜನಗೂಡು ಹಲ್ಲುಪುಡಿಯ ಹೆಸರು ಕೇಳದ ಮನೆ ಮೈಸೂರು ಸೀಮೆಯಲ್ಲಿ ಅಪರೂಪ. ನಾವು ಬಂದು ನೆಲೆಸಿದ ಈ ಕೇರಳದಲ್ಲಿಯೂ ಭತ್ತದ ಹೊಟ್ಟನ್ನು ಸುಟ್ಟು ಮಾಡಿದ ಉಮಿಕ್ಕರಿ, ಹಣ್ಣಾದ ಮಾವಿನೆಲೆ, ನಾಲಗೆ ಹೆರೆಯಲು ಸೀಳಿದ ತೆಂಗಿನ ಗರಿಯ ಕಡ್ಡಿ ಇವೆಲ್ಲ ಮನೆಮನೆಯ ವಸ್ತುಗಳಾಗಿದ್ದವು. ಇಲ್ಲಿನ ಅಷ್ಟವೈದ್ಯರು ತಲೆಮೇಲೆ ಹೊತ್ತು ಗೌರವಿಸಿದ ವಾಗ್ಭಟನ ಅಷ್ಟಾಂಗಹೃದಯದಲ್ಲಿ ಹಲ್ಲುಜ್ಜುವ ಕಡ್ಡಿ ಹನ್ನೆರಡು ಅಂಗುಲ ಉದ್ದವಿರಬೇಕು, ಕಿರುಬೆರಳ ತುದಿಯಷ್ಟು ದಪ್ಪವಿರಬೇಕು, ಉಜ್ಜುವಾಗ ವಸಡಿಗೆ ನೋವಾಗಬಾರದು ಎಂದು ಹೇಳಿದೆ. ಅಷ್ಟು ಸೂಕ್ಷ್ಮವಾಗಿ ಯೋಚಿಸಿದ ಪರಂಪರೆ ನಮ್ಮದು. ಆದರೆ ಕಡ್ಡಿಯಾಗಲಿ, ಪುಡಿ ಹಚ್ಚಿದ ಬೆರಳಾಗಲಿ, ಇಂದಿನ ಬ್ರಷ್ಷಾಗಲಿ ಮುಟ್ಟದೆ ಉಳಿಯುವ ಒಂದು ಜಾಗವುಂಟು. ರೋಗ ಮೊದಲು ಬೀಡು ಬಿಡುವುದು ಅಲ್ಲಿಯೇ.

ಒಂದು ದವಡೆಹಲ್ಲಿಗೆ ಐದು ಮುಖಗಳಿವೆ: ಕೆನ್ನೆಯ ಕಡೆಗೆ ಒಂದು, ನಾಲಗೆಯ ಕಡೆಗೆ ಒಂದು, ಅಗಿಯುವ ಮುಖ ಒಂದು, ಎಡಬಲದ ನೆರೆಹಲ್ಲುಗಳ ಕಡೆಗೆ ತಿರುಗಿದವು ಎರಡು. ಬ್ರಷ್ಷು ಮೊದಲಿನ ಮೂರನ್ನು ಚೆನ್ನಾಗಿ ಉಜ್ಜುತ್ತದೆ. ಉಳಿದ ಎರಡರ ಒಳಕ್ಕೆ ಅದರ ಎಳೆಗಳು ಹೋಗಲಾರವು. ಈ ಊರಿನಲ್ಲಿ ಒತ್ತೊತ್ತಾಗಿ ಕಟ್ಟಿದ ಮನೆಗಳನ್ನು ತಾವು ಕಂಡಿದ್ದೀರಿ. ಬೀದಿಯ ಕಡೆಯ ಗೋಡೆಗೆ ವರ್ಷವರ್ಷವೂ ಸುಣ್ಣಬಣ್ಣ ನಡೆಯುತ್ತದೆ. ಎರಡು ಮನೆಗಳ ನಡುವಿನ ಒಂದಡಿ ಸಂದಿನಲ್ಲಿ ಮಾತ್ರ ಮಳೆಗಾಲ ಮುಗಿಯುವುದರೊಳಗೆ ಪಾಚಿ ಹಸುರಾಗಿ ಬೆಳೆದಿರುತ್ತದೆ. ಗೋಡೆ ಸವೆಯುವುದೂ ಅಲ್ಲಿಂದಲೇ. ಹಲ್ಲಿನ ಕಥೆಯೂ ಇದೇ. ಮೇಲೆ ಹದಿನಾರು, ಕೆಳಗೆ ಹದಿನಾರು ಹಲ್ಲುಗಳಿದ್ದರೆ ಇಂಥ ಸಂದುಗಳು ಮೂವತ್ತು.

ಆ ಸಂದಿನಲ್ಲಿ ಕೂಡುವುದು ಬರಿಯ ಅನ್ನದ ಅಗುಳಲ್ಲ. ಹಲ್ಲಿನ ಮೇಲೆ ಸದಾ ಅಂಟಾದ ತೆಳುಪದರ ಕಟ್ಟುತ್ತಿರುತ್ತದೆ. ಅದು ಸೂಕ್ಷ್ಮಜೀವಿಗಳ ವಸಾಹತು. ಬಾಯಿ ಮುಕ್ಕಳಿಸಿದರೆ ಅದು ಹೋಗದು, ತಿಕ್ಕಿದರೆ ಮಾತ್ರ ಬಿಡುತ್ತದೆ. ತಿಕ್ಕದೆ ಬಿಟ್ಟರೆ ಎಂಜಲಿನಲ್ಲಿರುವ ಸುಣ್ಣದ ಅಂಶ ಸೇರಿ ಗಟ್ಟಿಯಾಗಿ ಗಾರೆಯಾಗುತ್ತದೆ. ವಸಡು ಕೆಂಪೇರಿ ಊದುತ್ತದೆ, ಮುಟ್ಟಿದರೆ ರಕ್ತ ಬರುತ್ತದೆ. ಕೆಲವರಲ್ಲಿ ಅಷ್ಟಕ್ಕೆ ನಿಲ್ಲುತ್ತದೆ. ಇನ್ನು ಕೆಲವರಲ್ಲಿ ಹಲ್ಲನ್ನು ಹಿಡಿದುಕೊಂಡ ಎಲುಬೇ ಒಳಗೊಳಗೆ ಕರಗುತ್ತದೆ. ನೋವಿಲ್ಲ, ಬಾವಿಲ್ಲ, ಹಲ್ಲು ಅಲುಗಾಡಿದ ದಿನವೇ ಸುದ್ದಿ ತಿಳಿಯುವುದು.

ಇದು ಊಹೆಯ ಮಾತಲ್ಲ. 1965ರಲ್ಲಿ ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ ಹೆರಾಲ್ಡ್ ಲೋ ಎಂಬ ದಂತವಿಜ್ಞಾನಿ ಮತ್ತು ಅವರ ಸಂಗಡಿಗರು, ಆರೋಗ್ಯವಾದ ವಸಡಿನ ಹನ್ನೆರಡು ಜನರನ್ನು ಹಲ್ಲುಜ್ಜದೆ ಇರಿಸಿ ನೋಡಿದರು. ಹತ್ತರಿಂದ ಇಪ್ಪತ್ತೊಂದು ದಿನಗಳೊಳಗೆ ಹನ್ನೆರಡು ಮಂದಿಗೂ ವಸಡು ಊದಿತು. ಮತ್ತೆ ಉಜ್ಜತೊಡಗಿದ ಮೇಲೆ ಎಲ್ಲರಿಗೂ ವಾಸಿಯಾಯಿತು. ಅದೇ ಲೋ ಅವರು 1970ರಲ್ಲಿ ನಮ್ಮ ನೆರೆಯ ಶ್ರೀಲಂಕೆಗೆ ಬಂದು, ಚಹಾ ತೋಟಗಳ 480 ತಮಿಳು ಗಂಡಾಳುಗಳ ಹಲ್ಲುಗಳನ್ನು ಹದಿನೈದು ವರ್ಷ ಪರೀಕ್ಷಿಸುವ ಕೆಲಸ ಪ್ರಾರಂಭಿಸಿದರು. ಆ ಬಡಜನರಿಗೆ ದಂತವೈದ್ಯರ ಆರೈಕೆ ದೊರೆತಿರಲಿಲ್ಲ, ಬ್ರಷ್ಷಿನ ರೂಢಿಯೂ ಇರಲಿಲ್ಲ. ಅವರಲ್ಲಿ ಹುಳುಕು ಇಲ್ಲವೆನ್ನುವಷ್ಟು ಕಡಿಮೆ; ವಸಡಿನ ಬೇನೆ ಮಾತ್ರ ಹೆಚ್ಚುಕಡಿಮೆ ಎಲ್ಲರಿಗೂ ಇತ್ತು. 1986ರಲ್ಲಿ ಫಲಿತಾಂಶ ಪ್ರಕಟವಾಯಿತು. ನೂರಕ್ಕೆ ಸುಮಾರು ಹನ್ನೊಂದು ಮಂದಿಗೆ ವಸಡು ಊದಿದ್ದಷ್ಟೇ, ಮುಂದೆ ಹಾನಿಯಾಗಲಿಲ್ಲ. ಎಂಬತ್ತೊಂದು ಮಂದಿಗೆ ಹಾನಿ ನಿಧಾನವಾಗಿ ಮುಂದುವರಿಯಿತು. ಎಂಟು ಮಂದಿಗೆ ಮಾತ್ರ ಅದು ಬೇಗಬೇಗನೆ ಹರಡಿ, ಮೂವತ್ತೈದನೆಯ ವಯಸ್ಸಿಗೆ ಹಲ್ಲಿನ ಸಂದುಗಳಲ್ಲಿ ಬೇರಿನ ಹಿಡಿತ ಸರಾಸರಿ ಒಂಬತ್ತು ಮಿಲಿಮೀಟರಿನಷ್ಟು ಸಡಿಲಿತ್ತು. ನಾವು ಈ ಮೂರರಲ್ಲಿ ಯಾವ ಗುಂಪಿಗೆ ಸೇರಿದವರೆಂದು ಮುಖ ನೋಡಿ ಹೇಳುವಂತಿಲ್ಲ. ಆದುದರಿಂದ ಎಲ್ಲರೂ ಎಚ್ಚರದಿಂದ ಇರುವುದೇ ವಿವೇಕ.

ಸಂದಿನಲ್ಲಿ ಏನಾದರೂ ಸಿಕ್ಕಿಕೊಂಡರೆ ನಾವು ಸುಮ್ಮನಿರುವವರಲ್ಲ ಎಂಬುದೂ ನಿಜವೇ. ನೇಂದ್ರಬಾಳೆಯ ಚಿಪ್ಸಿನ ಚೂರು, ಹಲಸಿನ ನಾರು, ಎಲೆಯಡಿಕೆ ಹಾಕುವವರಿಗೆ ಅಡಿಕೆಯ ಸಿಬಿರು ಸಿಕ್ಕಿಕೊಂಡಾಗ ನಮ್ಮ ಕೈ ತಾನಾಗಿ ಸೇಫ್ಟಿಪಿನ್ನಿಗೋ ಬೆಂಕಿಕಡ್ಡಿಗೋ ಹೋಗುತ್ತದೆ. ಇವೆರಡನ್ನೂ ಇಂದೇ ಬಿಟ್ಟುಬಿಡಬೇಕೆಂದು ಪ್ರಾರ್ಥಿಸುತ್ತೇವೆ. ಪಿನ್ನು ವಸಡನ್ನು ಚುಚ್ಚಿ ಗಾಯಮಾಡುತ್ತದೆ. ಹೋಟೆಲಿನ ಗಲ್ಲಾದ ಬಳಿ ಸೋಂಪಿನ ತಟ್ಟೆಯ ಪಕ್ಕದಲ್ಲಿ ಇಟ್ಟಿರುವ ಕಡ್ಡಿ ಸಿಕ್ಕಿಕೊಂಡ ಚೂರನ್ನು ತೆಗೆದೀತು, ಹಲ್ಲಿಗೆ ಅಂಟಿದ ಪದರವನ್ನು ಸರಿಯಾಗಿ ತೆಗೆಯಲಾರದು.

ಈ ಕೆಲಸಕ್ಕೆಂದೇ ಎರಡು ಸಾಧನಗಳಿವೆ. ಒಂದು ದಾರ. 1819ರಲ್ಲಿಯೇ ಅಮೆರಿಕದ ದಂತವೈದ್ಯ ಲೆವಿ ಸ್ಪಿಯರ್ ಪಾರ್ಮ್ಲಿ ಮೇಣ ಹಚ್ಚಿದ ರೇಷ್ಮೆದಾರವನ್ನು ಸಂದಿನಲ್ಲಿ ಆಡಿಸಬೇಕೆಂದು ಬರೆದಿದ್ದರು. ಇನ್ನೊಂದು ಇಂಟರ್‌ಡೆಂಟಲ್ ಬ್ರಷ್. ನಾವು ಸಂದುಬ್ರಷ್ ಎನ್ನೋಣ. ಸೀಸೆ ತೊಳೆಯುವ ಬ್ರಷ್ಷನ್ನು ಬೆಂಕಿಕಡ್ಡಿಗಿಂತಲೂ ಸಣ್ಣದಾಗಿ ಮಾಡಿದಂತೆ ಅದರ ಆಕಾರ: ನಡುವೆ ಹುರಿಮಾಡಿದ ಸಣ್ಣ ತಂತಿ, ಸುತ್ತಲೂ ಮೃದುವಾದ ನೈಲಾನ್ ಎಳೆಗಳು, ಹಿಡಿಯಲು ಚಿಕ್ಕ ಹಿಡಿಕೆ. ದಾರವು ಬಿಗಿದು ನೇರವಾಗಿ ನಿಲ್ಲುವಂಥದು. ದವಡೆಹಲ್ಲಿನ ಬೇರಿನ ಪಕ್ಕವೋ ಅಲ್ಲಲ್ಲಿ ತಗ್ಗಾಗಿರುತ್ತದೆ. ವಸಡು ಇಳಿದು ಬೇರು ತೋರಿದವರಲ್ಲಿ ದಾರವು ಆ ತಗ್ಗನ್ನು ಮುಟ್ಟದೆ ದಾಟಿಹೋಗುತ್ತದೆ, ಬ್ರಷ್ಷಿನ ಎಳೆ ಅದರೊಳಕ್ಕೆ ಇಳಿಯುತ್ತದೆ. 2019ರಲ್ಲಿ ಕಾಕ್ರೇನ್ ಸಂಸ್ಥೆ 3929 ಜನರ ಮೇಲೆ ನಡೆದ 35 ಪರೀಕ್ಷೆಗಳನ್ನು ಒಟ್ಟಾಗಿ ತೂಗಿ ನೋಡಿತು. ಬರಿಯ ಬ್ರಷ್ಷಿಗಿಂತ ಅದರ ಜೊತೆಗೆ ದಾರವನ್ನೋ ಸಂದುಬ್ರಷ್ಷನ್ನೋ ಬಳಸಿದರೆ ವಸಡಿನ ಊತ ಕಡಿಮೆಯಾಗಬಹುದು, ದಾರಕ್ಕಿಂತ ಸಂದುಬ್ರಷ್ ಮೇಲಾಗಿರಬಹುದು ಎಂಬುದು ಅದರ ತೀರ್ಮಾನ. ಆ ಪರೀಕ್ಷೆಗಳಲ್ಲಿ ಹೆಚ್ಚಿನವು ಅಲ್ಪಕಾಲದವು; ಆದ್ದರಿಂದ ಸಂಸ್ಥೆ ಖಂಡಿತವಾಗಿ ನುಡಿಯಲಿಲ್ಲ. ಆದರೂ ಇಷ್ಟು ಅಲ್ಪ ಶ್ರಮಕ್ಕೆ ಇಷ್ಟು ಫಲದ ಸಂಭವವಿದ್ದರೆ ಬುದ್ಧಿವಂತರು ಹಿಂಜರಿಯಬಾರದು.

ಬಳಸುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ. ಮೊದಲನೆಯದು ಅಳತೆ. ಬ್ರಷ್ಷು ಎಷ್ಟು ಸಣ್ಣ ರಂಧ್ರದಲ್ಲಿ ಹಾಯಬಲ್ಲದೆಂಬುದನ್ನು ನೋಡಿ ಅಂತರರಾಷ್ಟ್ರೀಯ ಮಾನದಲ್ಲಿ 0ಯಿಂದ 8ರವರೆಗೆ ಸಂಖ್ಯೆ ಕೊಟ್ಟಿದ್ದಾರೆ. 0 ಎಲ್ಲಕ್ಕಿಂತ ಸಣ್ಣದು. ಬಣ್ಣವನ್ನು ನಂಬಿ ಕೊಳ್ಳಬೇಡಿ, ಕಂಪೆನಿಯಿಂದ ಕಂಪೆನಿಗೆ ಬಣ್ಣ ಬೇರೆಯಾಗುತ್ತದೆ. ಒಂದೇ ಬಾಯಿಯಲ್ಲಿ ಎರಡು ಮೂರು ಅಳತೆ ಬೇಕಾಗುವುದು ಸಾಮಾನ್ಯ. ಮೊದಲ ಸಲ ದಂತವೈದ್ಯರಲ್ಲಿ ಅಳತೆ ನೋಡಿಸಿಕೊಳ್ಳುವುದು ಲೇಸು. ಎಳೆಗಳು ಎರಡೂ ಹಲ್ಲಿಗೆ ತಾಗಬೇಕು, ತಂತಿ ಹಲ್ಲಿಗೆ ಉಜ್ಜಬಾರದು. ಸರಿಯಾದ ಅಳತೆಯೆಂದರೆ ಇದೇ. ಬಲಾತ್ಕಾರದಿಂದ ಎಂದಿಗೂ ತೂರಿಸಬೇಡಿ. ಹಲ್ಲುಗಳು ಒತ್ತಾಗಿರುವ ಹರೆಯದವರಿಗೆ ದಾರವೇ ತಕ್ಕುದು.

ಎರಡನೆಯದು ಕೈಯ ರೀತಿ. ಕನ್ನಡಿಯ ಮುಂದೆ ನಿಂತು, ಬ್ರಷ್ಷನ್ನು ವಸಡಿನ ಅಂಚಿನ ಬಳಿ ಮೆಲ್ಲಗೆ ಒಳಗಿಟ್ಟು, ನಾಲ್ಕೈದು ಸಲ ಹಿಂದಕ್ಕೂ ಮುಂದಕ್ಕೂ ಆಡಿಸಿದರೆ ಸಾಕು. ಹಿಂದಿನ ಹಲ್ಲುಗಳಿಗೆ ಬಾಯಿಯನ್ನು ಅರ್ಧ ಮುಚ್ಚಿದರೆ ಕೆನ್ನೆ ಸಡಿಲವಾಗಿ ಕೈಯಾಡುತ್ತದೆ. ಪೇಸ್ಟಿನ ಅವಶ್ಯಕತೆಯಿಲ್ಲ. ಒಂದೊಂದು ಸಂದಾದ ಮೇಲೆ ನೀರಿನಲ್ಲಿ ಅದ್ದಿ ತೊಳೆಯಿರಿ. ಎಳೆ ಸವೆದರೆ ಅಥವಾ ತಂತಿ ಬಾಗಿದರೆ ಬದಲಾಯಿಸಿ. ಕಟ್ಟಿಸಿದ ಹಲ್ಲಿನ ಸೇತುವೆಯೋ, ಎಲುಬಿಗೆ ಕೂರಿಸಿದ ಹಲ್ಲೋ ಇರುವವರು ತಂತಿಗೆ ಪ್ಲಾಸ್ಟಿಕ್ ಹೊದಿಸಿದ ಬ್ರಷ್ಷನ್ನೇ ಕೊಳ್ಳಬೇಕು. ದಿನಕ್ಕೊಮ್ಮೆ ಸಾಕು, ರಾತ್ರಿ ಮಲಗುವ ಮುನ್ನ ಮಾಡಿದರೆ ಉತ್ತಮ. ನಿದ್ದೆಯಲ್ಲಿ ಎಂಜಲು ಕಡಿಮೆಯಾಗಿ ಬಾಯಿಗೆ ಅದರ ರಕ್ಷಣೆ ತಪ್ಪುತ್ತದೆ. ಹೋಟೆಲಿನ ಕೆಲಸ ಮುಗಿಸಿ ರಾತ್ರಿ ಹನ್ನೊಂದಕ್ಕೆ ಕೋಣೆ ಸೇರುವ ತರುಣರೂ, ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ತಾಯಂದಿರೂ ಈ ಮೂರು ನಿಮಿಷವನ್ನು ತಮಗಾಗಿ ಉಳಿಸಿಕೊಳ್ಳಬೇಕು.

ಇನ್ನು ಎರಡು ಭಯಗಳಿಗೆ ಸಮಾಧಾನ. ಮೊದಲ ದಿನವೇ ರಕ್ತ ಕಂಡು ಎಷ್ಟೋ ಜನ ಬ್ರಷ್ಷನ್ನು ಬಿಸುಡುತ್ತಾರೆ. ಸರಿಯಾದ ಅಳತೆಯ ಬ್ರಷ್ಷನ್ನು ಮೆಲ್ಲಗೆ ಆಡಿಸಿಯೂ ರಕ್ತ ಬಂದರೆ, ವಸಡು ಮೊದಲೇ ಊದಿತ್ತೆಂದು ತಿಳಿಯಬೇಕು. ಅಲ್ಲಿ ಬಿಟ್ಟರೆ ಬೇನೆ ಹೆಚ್ಚುತ್ತದೆ. ಮುಂದುವರಿಸಿದರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ರಕ್ತ ನಿಲ್ಲುತ್ತದೆ. ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು. ಬ್ರಷ್ಷಿನಿಂದ ಸಂದು ಅಗಲವಾಗುತ್ತದೆ, ಗಾರೆ ತೆಗೆಸಿದರೆ ಹಲ್ಲು ಸಡಿಲವಾಗುತ್ತದೆ ಎಂಬುದು ಎರಡನೆಯ ಭಯ. ಊದಿದ ವಸಡು ಇಳಿದಾಗ, ತುಂಬಿದ್ದ ಗಾರೆ ಹೋದಾಗ, ಮೊದಲೇ ಇದ್ದ ತೆರವು ಕಣ್ಣಿಗೆ ಬೀಳುತ್ತದೆ, ಅಷ್ಟೆ. ಗಟ್ಟಿಯಾದ ಗಾರೆಯನ್ನು ಯಾವ ಸಂದುಬ್ರಷ್ಷೂ ತೆಗೆಯಲಾರದು. ಅದು ವೈದ್ಯರ ಕೆಲಸ. ಮತ್ತೆ ಕಟ್ಟದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. 1959ರಲ್ಲಿ ತಿರುವನಂತಪುರದಲ್ಲಿ ಸರಕಾರಿ ದಂತ ಕಾಲೇಜು ಪ್ರಾರಂಭವಾದಂದಿನಿಂದ ಈ ರಾಜ್ಯದಲ್ಲಿ ದಂತವೈದ್ಯರ ಸಂಖ್ಯೆ ಬಹಳ ಬೆಳೆದಿದೆ. ವೈದ್ಯರು ದೂರವೆಂಬ ನೆಪ ಈ ಊರಿನವರಿಗೆ ಸಲ್ಲದು.

ಸಿಹಿಮೂತ್ರ ರೋಗವಿರುವ ಬಂಧುಗಳಿಗೆ ಒಂದು ವಿಶೇಷ ಮಾತು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಂತೆ ಕೇರಳದ ವಯಸ್ಕರಲ್ಲಿ ನೂರಕ್ಕೆ 25.5 ಮಂದಿಗೆ ಈ ರೋಗವಿತ್ತು. ರಕ್ತದಲ್ಲಿ ಸಕ್ಕರೆ ಹೆಚ್ಚಿದರೆ ವಸಡಿನ ಬೇನೆ ಬೇಗ ಹಬ್ಬುತ್ತದೆ. ವಸಡಿನ ಬೇನೆ ಹೆಚ್ಚಿದರೆ ಸಕ್ಕರೆಯನ್ನು ಹತೋಟಿಯಲ್ಲಿಡುವುದು ಕಷ್ಟವಾಗುತ್ತದೆ. ಒಂದು ಇನ್ನೊಂದಕ್ಕೆ ಎಣ್ಣೆ ಹೊಯ್ಯುತ್ತದೆ. ಹಾಗೆಯೇ ಬೀಡಿ ಸಿಗರೇಟು ಸೇದುವವರಲ್ಲಿ ವಸಡಿನ ರಕ್ತಸ್ರಾವ ಕಡಿಮೆಯಾಗಿ ರೋಗ ಮರೆಯಾಗಿ ನಿಲ್ಲುತ್ತದೆ. ರಕ್ತ ಬಾರದೆಂದು ಅವರು ನಿಶ್ಚಿಂತರಾಗಬಾರದು.

ಮನೆಯ ಹಿರಿಯರನ್ನೂ ಮರೆಯಬೇಡಿ. ಕೈ ನಡುಗುವವರಿಗೆ, ಕಣ್ಣು ಮಂಜಾದವರಿಗೆ ದಾರ ಆಡಿಸುವುದು ಕಷ್ಟ. ಹಿಡಿಕೆ ಉದ್ದವಾದ ಸಂದುಬ್ರಷ್ಷನ್ನು ಅವರು ತಾವೇ ಹಿಡಿಯಬಲ್ಲರು, ಇಲ್ಲವೆ ಮಗನೋ ಸೊಸೆಯೋ ಮಾಡಿಕೊಡಬಹುದು. ಹಲ್ಲು ಹೋದ ಹಿರಿಯರು ಚಕ್ಕುಲಿಯನ್ನು ಮಜ್ಜಿಗೆಯಲ್ಲಿ ನೆನೆಸಿ ತಿನ್ನುವುದನ್ನು, ನಾಲ್ಕು ಜನರ ಮುಂದೆ ಬಾಯಿಬಿಟ್ಟು ನಗಲು ಸಂಕೋಚಪಡುವುದನ್ನು ನಾವೆಲ್ಲ ಕಂಡಿದ್ದೇವೆ. ಅವರ ಕಾಲದಲ್ಲಿ ಈ ಸಾಧನವೂ ತಿಳಿವಳಿಕೆಯೂ ಸುಲಭವಾಗಿ ದೊರೆಯುತ್ತಿರಲಿಲ್ಲ. ನಮಗೆ ಎರಡೂ ಬೀದಿಯ ಔಷಧದ ಅಂಗಡಿಯಲ್ಲಿ ದೊರೆಯುತ್ತಿವೆ.

ಆದಕಾರಣ ಸದಸ್ಯ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ: ಈ ತಿಂಗಳು ಒಮ್ಮೆ ಹಲ್ಲುಗಳನ್ನು ತೋರಿಸಿ, ತಮ್ಮ ತಮ್ಮ ಸಂದುಗಳ ಅಳತೆ ತಿಳಿದುಕೊಂಡು, ಎರಡು ವಾರ ಬಿಡದೆ ಈ ಅಭ್ಯಾಸ ನಡೆಸಿ ನೋಡಿ. ಕಡಲೆಯೂ ಹಲ್ಲೂ ಒಟ್ಟಿಗೇ ಇರುವ ವೃದ್ಧಾಪ್ಯ ಎಲ್ಲರಿಗೂ ದೊರೆಯಲಿ ಎಂದು ಹಾರೈಸುತ್ತೇವೆ.