ಮನಸ್ಸಿಗೂ ಬೇಕು ರಜೆ
(ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಾಡಹಬ್ಬದ ದಿನ ನುಡಿಯ ಹಿರಿಮೆಯನ್ನು ಬಿಟ್ಟು ರಜೆಯ ಮಾತನ್ನೆತ್ತುವುದೇಕೆ ಎಂದು ತಾವು ಕೇಳಬಹುದು. ಬಾರಾಮತಿಗೆ ನಾವು ಬಂದದ್ದು ದುಡಿಮೆಗಾಗಿ. ಆದುದರಿಂದ ದುಡಿಯುವವರ ಮನಸ್ಸಿನ ಯೋಗಕ್ಷೇಮವೂ ನಮ್ಮ ಸಂಘದ ಚಿಂತೆಯಾಗಬೇಕು.

ವಾರದ ರಜೆಯು ತಾನಾಗಿ ಬಂದುದಲ್ಲ. ಮುಂಬಯಿಯ ಗಿರಣಿಗಳಲ್ಲಿ ಕೂಲಿಗಾರರಿಗೆ ವಾರಕ್ಕೊಂದು ನಿಶ್ಚಿತವಾದ ವಿಶ್ರಾಂತಿಯ ದಿನವಿರಲಿಲ್ಲ. ಜೋತಿಬಾ ಫುಲೆಯವರ ಅನುಯಾಯಿ ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಅವರನ್ನು ಒಗ್ಗೂಡಿಸಿ ಭಾನುವಾರದ ಬಿಡುವನ್ನು ಬೇಡಿದರು. ಆರು ವರುಷ ಪಟ್ಟು ಹಿಡಿದ ಮೇಲೆ, 1890ರ ಜೂನ್ 10ರಂದು, ಮಾಲೀಕರು ಒಪ್ಪಿದರು. ಭಾನುವಾರವೆಂದರೆ ಜೇಜುರಿಯ ಖಂಡೋಬನ ವಾರ. ಆತನೇ ನಮ್ಮ ಮೈಲಾರಲಿಂಗ. ದೇವರ ದರ್ಶನ, ಮಕ್ಕಳೊಡನೆ ಊಟ, ನೆಂಟರೊಡನೆ ಮಾತು, ಇವು ಮೈಗಿಂತ ಮನಸ್ಸಿಗೇ ಹೆಚ್ಚು ಬೇಕಾದವು.

ಆದರೆ ಬೇನೆಬಿದ್ದ ಮನಸ್ಸಿಗೆ ಭಾನುವಾರವೊಂದೇ ಸಾಲದು. ಕಾರ್ಖಾನೆಯಲ್ಲಿ ರಾತ್ರಿಪಾಳಿ, ಸಕ್ಕರೆ ಕಾರ್ಖಾನೆಯಲ್ಲಿ ಹಂಗಾಮಿನ ಅವಸರ, ಕಚೇರಿಯಲ್ಲಿ ತಿಂಗಳ ಗುರಿಯ ಕಾಟ. ವಾರಗಟ್ಟಲೆ ನಿದ್ದೆ ಕಾಣದವನು ಕೂಡ ರಜೆಯ ಅರ್ಜಿಯಲ್ಲಿ ‘ಜ್ವರ’ವೆಂದೋ ‘ಊರ ಜಾತ್ರೆ’ಯೆಂದೋ ಬರೆಯುತ್ತಾನೆ. ನಿಜ ಬರೆದರೆ ಹುಚ್ಚನೆಂದಾರು, ಬಡ್ತಿ ತಪ್ಪೀತು ಎಂಬ ಅಂಜಿಕೆ! ಊರಿನಲ್ಲಾದರೆ ಮುಖ ನೋಡಿಯೇ ತಿಳಿದುಕೊಳ್ಳುವ ಅವ್ವನಿದ್ದಳು. ಪರಸ್ಥಳದಲ್ಲಿ ಕೇಳುವವರಾರು?

2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಕಾಯಿದೆಯು, ಚಿಕಿತ್ಸೆಯಲ್ಲಿಯೂ ವಿಮೆಯಲ್ಲಿಯೂ ಮನಸ್ಸಿನ ಕಾಯಿಲೆಯನ್ನು ಮೈಯ ಕಾಯಿಲೆಗೆ ಸಮನಾಗಿ ಕಾಣಬೇಕೆಂದು ವಿಧಿಸಿದೆ. ಆದರೆ ಅದಕ್ಕಾಗಿ ಪ್ರತ್ಯೇಕ ರಜೆಯನ್ನು ಅದು ಹೇಳಿಲ್ಲ. ಇರುವ ಕಾಯಿಲೆ ರಜೆಯನ್ನೇ ಹಿಂಜರಿಯದೆ ಕೊಡುವುದು ಮೇಲಿನವರ ವಿವೇಕಕ್ಕೆ ಸೇರಿದ್ದು.

ಮೈಗಳ್ಳರಿಗೆ ಇದೊಂದು ನೆವವಾಗದೆ ಎಂದು ಕೆಲವರು ಕೇಳುತ್ತಾರೆ. ಜ್ವರದ ನೆವ ಹೇಳುವವರೂ ಉಂಟು. ಅಷ್ಟರಿಂದ ಜ್ವರದ ರಜೆಯನ್ನು ಯಾರೂ ತೆಗೆದುಹಾಕಲಿಲ್ಲ. ನಿದ್ದೆಗೆಟ್ಟವನನ್ನು ಯಂತ್ರದ ಮುಂದೆ ನಿಲ್ಲಿಸುವುದು ಅವನಿಗೂ ಅಪಾಯ, ಪಕ್ಕದವನಿಗೂ ಅಪಾಯ. ನಾಲ್ಕು ದಿನದ ಬಿಡುವಿನಿಂದ ಒಬ್ಬ ಅನುಭವಿ ಕೆಲಸಗಾರ ಉಳಿಯುವನಾದರೆ ನಷ್ಟ ಯಾರಿಗೆ?

ಇನ್ನೊಂದು ಮಾತು. ರಜೆಯೊಂದೇ ಔಷಧವಲ್ಲ. ಬಾಡಿಗೆಯ ಕೋಣೆಯಲ್ಲಿ ಒಬ್ಬನೇ ಕುಳಿತು ಕಳೆವ ರಜೆ ದುಃಖವನ್ನು ಹೆಚ್ಚಿಸಲೂಬಹುದು. ರಜೆಯೊಡನೆ ವೈದ್ಯರೂ ಬೇಕು, ಜೊತೆಗಾರರೂ ಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. 14416 ಎಂಬ ಸಂಖ್ಯೆಗೆ ಹಣವಿಲ್ಲದೆ ಕರೆ ಮಾಡಬಹುದು. ಸೇವೆಯ ಭಾಷೆಗಳಲ್ಲಿ ಕನ್ನಡವೂ ಒಂದು. ಮರಾಠಿಯಲ್ಲಿ ವ್ಯವಹಾರ ನಡೆಸಬಲ್ಲ ನಮಗೂ ಸಂಕಟವನ್ನು ಹೇಳಿಕೊಳ್ಳಲು ತಾಯ್ನುಡಿಯೇ ಬೇಕಲ್ಲವೆ?

ನಮ್ಮಲ್ಲಿ ರಜೆಯ ಅರ್ಜಿಗೆ ಸಹಿ ಹಾಕುವ ಹಿರಿಯರಿದ್ದಾರೆ. ಕಾರಣವನ್ನು ಕೆದಕದೆ, ಗುಟ್ಟನ್ನು ಕಾಯ್ದು ಅವರು ಸಹಿ ಹಾಕಲಿ. ಉಳಿದವರು, ಸಂಘದ ಕೂಟಕ್ಕೆ ಎರಡು ಸಲ ಬಾರದವನ ಮನೆಯ ಕದ ತಟ್ಟಿ, “ಏನಪ್ಪಾ, ಆರಾಮ ಇದ್ದೀಯಾ?” ಎಂದು ಕೇಳೋಣ; ಉತ್ತರ ಬರುವವರೆಗೆ ಕುಳಿತಿರೋಣ.