‘ಅಕ್ಸೀಡ್’ ಎಂಬ ಕ್ರಿಯಾಪದ

ಇಂಗ್ಲಿಷಿನ ‘ಅಕ್ಸೀಡ್’ ಎಂಬ ಕ್ರಿಯಾಪದವನ್ನು ನಮ್ಮ ವಿದ್ಯಾರ್ಥಿಗಳು ‘ಎಕ್ಸೀಡ್’ ಎಂಬುದರೊಡನೆ ಕಲಸಿಬಿಡುವುದುಂಟು. ಅದು ಕಾಗುಣಿತದ ತಪ್ಪು, ತಿದ್ದಿದರೆ ಮುಗಿಯಿತು. ಅರ್ಥದಲ್ಲಿ ತಪ್ಪಿದರೆ ಅಷ್ಟು ಸುಲಭವಾಗಿ ಮುಗಿಯದು.

ಲ್ಯಾಟಿನ್ ಮೂಲದಲ್ಲಿ ಈ ಪದಕ್ಕೆ ‘ಬಳಿಗೆ ಹೋಗು’ ಎಂದರ್ಥ. ಬಿನ್ನಹಕ್ಕೆ ಅಕ್ಸೀಡ್ ಮಾಡುವುದೆಂದರೆ, ಇಲ್ಲವೆನ್ನಬಲ್ಲವನು ಒಪ್ಪಿ ನಡೆಸಿಕೊಡುವುದು. ಗೆಳೆಯರಿಬ್ಬರು ಸಂಜೆಯ ತಿರುಗಾಟಕ್ಕೆ ಒಪ್ಪಿಕೊಂಡರೆ ಅಲ್ಲಿ ಈ ಪದ ನಗೆಗೀಡು. ಸಿಂಹಾಸನಕ್ಕೆ ಬರುವುದಕ್ಕೂ, ಇತರರು ಮಾಡಿಕೊಂಡ ಒಡಂಬಡಿಕೆಗೆ ಅನಂತರ ಸೇರುವುದಕ್ಕೂ ಇದೇ ಪದ ಸಲ್ಲುತ್ತದೆ.

‘ಸೇರುವುದು’ ಎಂಬಲ್ಲಿಯೇ ನಮ್ಮ ಕನ್ನಡ ಎಡವುತ್ತದೆ. ಹೊಳೆ ಸಮುದ್ರವನ್ನು ಸೇರುತ್ತದೆ. ಹುಡುಗನು ಶಾಲೆಯನ್ನು ಸೇರುತ್ತಾನೆ. ಹೊಳೆ ಹಿಂದಿರುಗದು; ಹುಡುಗನು ಸಂಜೆ ಮನೆಗೆ ಬರುತ್ತಾನೆ. 1947ರಲ್ಲಿ ದೇಶೀಯ ಸಂಸ್ಥಾನಗಳ ಮುಂದಿಟ್ಟ ಪತ್ರದಲ್ಲಿದ್ದುದು ಎರಡನೆಯ ಬಗೆಯ ಸೇರುವಿಕೆ: ರಕ್ಷಣೆ, ವಿದೇಶ ವ್ಯವಹಾರ, ಸಾರಿಗೆ ಸಂಪರ್ಕ, ಈ ಮೂರನ್ನು ಒಕ್ಕೂಟಕ್ಕೆ ಒಪ್ಪಿಸುವುದು, ಉಳಿದುದೆಲ್ಲ ಅರಸನಲ್ಲಿಯೇ. ಮೈಸೂರು ಆ ಆಗಸ್ಟಿನಲ್ಲಿ ಅಕ್ಸೀಡ್ ಮಾಡಿತು. ಆದರೂ ಜವಾಬ್ದಾರಿ ಸರ್ಕಾರಕ್ಕಾಗಿ ಪ್ರಜೆಗಳು ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಎಂದು ಬೀದಿಗಿಳಿಯಬೇಕಾಯಿತು.

ಈ ಭೇದವನ್ನು ನಿಘಂಟಿಗಿಂತ ಚೆನ್ನಾಗಿ ತೋರಿಸುವ ಸ್ಥಳವೊಂದುಂಟು: ವಾಡಿ ಜಂಕ್ಷನ್. ಮುಂಬಯಿ–ಮದರಾಸು ಮಾರ್ಗವನ್ನು ನಿಜಾಮರ ರೈಲುದಾರಿ 1874ರಲ್ಲಿ ಸಿಕಂದರಾಬಾದಿನಿಂದ ಬಂದು ಕೂಡಿದುದು ಇಲ್ಲಿಯೇ. ಹಳಿಗಳು ಕೂಡಿದವು, ಆಡಳಿತ ಕೂಡಲಿಲ್ಲ: ಒಂದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯದು, ಇನ್ನೊಂದು ನಿಜಾಮರದು. ಅಕ್ಸೀಡ್ ಎಂದರೆ ಹೀಗೆ. 1951ರಲ್ಲಿ ಎರಡೂ ಹೆಸರಳಿದು ಮಧ್ಯ ರೈಲ್ವೆಯೊಳಗೆ ಒಂದಾದವು. ಅದಕ್ಕೆ ಬೇರೆ ಕ್ರಿಯಾಪದ ಬೇಕು: ‘ಮರ್ಜ್’, ಅಂದರೆ ವಿಲೀನವಾಗು.

ವಾಡಿಯಿದ್ದ ಹೈದರಾಬಾದು ಸಂಸ್ಥಾನವಾದರೋ ಆ ಪತ್ರಕ್ಕೆ ಸಹಿ ಹಾಕಲಿಲ್ಲ. 1947ರ ನವೆಂಬರಿನಲ್ಲಿ ಒಂದು ವರ್ಷದ ಯಥಾಸ್ಥಿತಿ ಒಪ್ಪಂದ ಮಾತ್ರ ಆಯಿತು. ವರ್ಷ ತುಂಬುವ ಮೊದಲೇ, 1948ರ ಸೆಪ್ಟೆಂಬರ್ 13ರಂದು, ಭಾರತದ ಸೇನೆ ಒಳಹೊಕ್ಕಿತು. ಐದು ದಿನಗಳಲ್ಲಿ ಎಲ್ಲ ಮುಗಿಯಿತು. ಭಾರತದ ಸಂವಿಧಾನವೇ ತಮ್ಮ ಸಂಸ್ಥಾನಕ್ಕೂ ಸಂವಿಧಾನವೆಂದು ನಿಜಾಮರು ಫರ್ಮಾನು ಹೊರಡಿಸಿದುದು 1949ರ ನವೆಂಬರಿನಲ್ಲಿ.

‘ಹೈದರಾಬಾದು 1948ರಲ್ಲಿ ಅಕ್ಸೀಡ್ ಮಾಡಿತು’ ಎಂದು ವಿದ್ಯಾರ್ಥಿಗಳು ಇಂಗ್ಲಿಷಿನಲ್ಲಿ ಬರೆಯುತ್ತಾರೆ. ವಾಕ್ಯವೇನೋ ವ್ಯಾಕರಣಕ್ಕೆ ಸರಿ. ಆದರೆ ಈ ಪದದಲ್ಲಿ ತನ್ನ ಕಾಲಿನಿಂದ ತಾನೇ ನಡೆದುಹೋಗುವ ಭಾವವಿದೆ. ರಜಾಕಾರರಿಗೆ ಅಂಜಿ ಊರು ಬಿಟ್ಟ ಸಂಸಾರಗಳಿಗಾಗಲಿ, ಸೇನೆ ಬಂದ ಮೇಲಿನ ಹಿಂಸೆಯಲ್ಲಿ ತಮ್ಮವರನ್ನು ಕಳೆದುಕೊಂಡ ಗುಲ್ಬರ್ಗಾ ಜಿಲ್ಲೆಯ ಮುಸಲ್ಮಾನರಿಗಾಗಲಿ ಆ ವರ್ಷ ಹಾಗೆ ಕಂಡಿರಲಾರದು. ಅಂಥ ವಾಕ್ಯಕ್ಕೆ ಅಂಕ ಹಾಕುವಾಗ ನನ್ನ ಕೈ ತಡೆಯುತ್ತದೆ.